ಎಲ್ಸಾಳ ಎರಡನೇ ಪ್ರಸಂಗ

ಡಿಸ್ನಿಯ ಅನಿಮೇಷನ್ ಚಿತ್ರ ‘ಫ್ರೋಜನ್ 2’ ನೋಡಿದ ದೊಡ್ಡವರ ಬಾಯಲ್ಲಿ ಮೊದಲು ಬರುವ ದೂರು ಒಂದೇ: ‘ಲೆಟ್ ಇಟ್ ಗೋ’ ತರಹದ ಹಾಡು ಇದರಲ್ಲಿಲ್ಲ. ಚಿತ್ರ ಬಂದದ್ದು 2019ರ ನವೆಂಬರಿನಲ್ಲಿ. ಇವತ್ತಿಗೂ ಮಂಗಳೂರು, ಉಡುಪಿ ಕಡೆಯ ಸ್ಕೂಲ್ ಡೇಗಳಲ್ಲಿ ನೀಲಿ ಗೌನು ಹಾಕಿದ ಹುಡುಗಿ ವೇದಿಕೆಗೆ ಬಂದರೆ ಸ್ಪೀಕರಿನಲ್ಲಿ ಶುರುವಾಗುವುದು 2013ರ ಮೊದಲ ‘ಫ್ರೋಜನ್’ನ ಆ ಹಾಡೇ. ಹಾಗಾಗಿ ದೂರಿನಲ್ಲಿ ಹುರುಳು ಉಂಟು ಅನ್ನಿಸುವುದು ಸಹಜ. ಆದರೆ ಬೈಯಬೇಕಾದ್ದು ಹಾಡುಗಳನ್ನಲ್ಲ. ಹಾಡು ಕಟ್ಟಿದ ರೀತಿಯಲ್ಲಿ ಎರಡನೇ ಚಿತ್ರ ಮೊದಲನೆಯದಕ್ಕಿಂತ ಒಂದು ಕೈ ಮೇಲೆಯೇ. ಎಡವಿದ್ದು ಅಣೆಕಟ್ಟಿನ ಹತ್ತಿರ. ಅಲ್ಲಿ ಒಂದು ಹಾಡು ಇರಬೇಕಿತ್ತು, ಇಲ್ಲ.

ಮೊದಲ ಚಿತ್ರವನ್ನು ಈಗ ಕೂತು ನೋಡಿದರೆ ಅದರ ಹಾಡುಗಳೆಲ್ಲ ಮುಂಭಾಗದಲ್ಲೇ ಗುಂಪುಗೂಡಿರುವುದು ಕಾಣುತ್ತದೆ. ಕಲ್ಲಿನ ಟ್ರೋಲ್‌ಗಳ ಗಲಾಟೆ ಹಾಡು ಮುಗಿದ ಮೇಲೆ ಕತೆ ಮುಗಿಯುವ ತನಕ ಯಾರೂ ಹಾಡುವುದಿಲ್ಲ. ತಂಗಿ ಅನಾ ಹೆಪ್ಪುಗಟ್ಟಿ ನಿಲ್ಲುವುದು, ಹಿಮದ ಶಕ್ತಿಯ ಅಕ್ಕ ಎಲ್ಸಾ ಅವಳನ್ನು ತಬ್ಬಿಕೊಳ್ಳುವುದು, ಎಲ್ಲವೂ ಮಾತು ಮತ್ತು ಹಿನ್ನೆಲೆ ಸಂಗೀತದಲ್ಲೇ ಮುಗಿಯುತ್ತದೆ. ಅದಕ್ಕೆ ಕಾರಣವೂ ಇದೆ. ಎಲ್ಸಾಳನ್ನು ಮೊದಲು ಖಳನಾಯಕಿಯಾಗಿ ಬರೆಯಲಾಗಿತ್ತು. ‘ಲೆಟ್ ಇಟ್ ಗೋ’ ಕೈಗೆ ಬಂದ ಮೇಲೆ ಅಂಥ ಹಾಡು ಹಾಡುವವಳು ದುಷ್ಟೆಯಾಗಲು ಸಾಧ್ಯವಿಲ್ಲ ಅಂತ ಕತೆಯನ್ನೇ ತಿದ್ದಿದರು. ಹಾಡು ಕತೆಯನ್ನು ಎಳೆದುಕೊಂಡು ಹೋಯಿತು, ಕೊನೆಯ ಹೊತ್ತಿಗೆ ಎಳೆಯಲು ಹಾಡೇ ಉಳಿದಿರಲಿಲ್ಲ.

ಎರಡನೆಯದರ ಹಾಡು ಬರೆದವರೂ ಮೊದಲಿನ ದಂಪತಿಯೇ, ಕ್ರಿಸ್ಟನ್ ಆಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್. ನಿರ್ದೇಶಕರೂ ಹಳಬರೇ, ಕ್ರಿಸ್ ಬಕ್ ಮತ್ತು ಜೆನಿಫರ್ ಲೀ. ಅವಧಿ 103 ನಿಮಿಷ, ಮೊದಲನೆಯದಕ್ಕಿಂತ ಒಂದೇ ನಿಮಿಷ ಜಾಸ್ತಿ. ಏಳು ಹೊಸ ಹಾಡು, ಜತೆಗೆ ಹಿಮಸಾರಂಗದ ಹಳೆಯ ಹಾಡಿನ ಒಂದು ತುಂಡು. ಈ ಸಲ ಹಾಡುಗಳನ್ನು ಕತೆಯ ಉದ್ದಕ್ಕೂ ಹಂಚಿದ್ದಾರೆ, ಅತಿ ಭಾರದ ಎರಡು ಹಾಡುಗಳನ್ನು ಕೊನೆಯ ಮೂರನೇ ಒಂದು ಭಾಗಕ್ಕೆ ಉಳಿಸಿಕೊಂಡಿದ್ದಾರೆ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ. ಪ್ರಸಂಗದಲ್ಲಿ ಕತೆ ಮುಂದೆ ಹೋಗುವುದು ಪದ್ಯದಲ್ಲಿ. ಭಾಗವತರು ಪದ್ಯ ಎತ್ತಿದ ಮೇಲೆ ವೇಷಧಾರಿ ಅರ್ಥ ಹೇಳುತ್ತಾನೆ, ವಿಸ್ತರಿಸುತ್ತಾನೆ, ವಾದಿಸುತ್ತಾನೆ. ಪದ್ಯ ಬಿಟ್ಟು ಬರೀ ಮಾತಿನಲ್ಲಿ ದೊಡ್ಡ ತಿರುವು ತಂದರೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಇದ್ದವರಿಗೂ ಅದು ಸಪ್ಪೆ ಅನ್ನಿಸುತ್ತದೆ. ಇಂಗ್ಲಿಷ್ ಸಂಗೀತ ಚಿತ್ರಗಳ ನಿಯಮವೂ ಹೆಚ್ಚುಕಡಿಮೆ ಅದೇ: ಹಾಡು ಶುರುವಾಗುವಾಗ ಪಾತ್ರ ಇದ್ದ ಜಾಗದಲ್ಲಿ ಹಾಡು ಮುಗಿಯುವಾಗ ಇರಬಾರದು. ಈ ಅಳತೆಗೋಲು ಹಿಡಿದು ನೋಡಿದರೆ ‘ಫ್ರೋಜನ್ 2’ರಲ್ಲಿ ಯಾವುದು ನಿಂತಿದೆ, ಯಾವುದು ಬಿದ್ದಿದೆ ಅಂತ ಸ್ಪಷ್ಟವಾಗುತ್ತದೆ.

ಮೊದಲು ಆ ಕರೆಯಿಂದ ಶುರು ಮಾಡೋಣ. ಎಲ್ಸಾಳಿಗೆ ಮಾತ್ರ ಕೇಳಿಸುವ ನಾಲ್ಕು ಸ್ವರಗಳ ಕೂಗು. ಹಾಡಿದವಳು ನಾರ್ವೆಯ ಗಾಯಕಿ ಅರೋರಾ. ಸ್ವೀಡನ್ ಮತ್ತು ನಾರ್ವೆಯ ಗುಡ್ಡಗಳಲ್ಲಿ ದೂರ ಮೇಯಲು ಹೋದ ದನಗಳನ್ನು ಕರೆಯಲು ಹೆಂಗಸರು ಹಾಕುತ್ತಿದ್ದ ‘ಕುಲ್ನಿಂಗ್’ ಎಂಬ ತಾರಸ್ಥಾಯಿಯ ಕೂಗು ಅದರ ಮೂಲ. ಅದರ ನಡೆ ಇನ್ನೊಂದು ಹಳೆಯ ರಾಗವನ್ನೂ ಹೋಲುತ್ತದೆ: ಮಧ್ಯಯುಗದ ಲ್ಯಾಟಿನ್ ಶೋಕಗೀತೆ ‘ಡಿಯೆಸ್ ಈರೆ’. ಅದರ ಆರಂಭದ ನಾಲ್ಕು ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಗ ರಿ ಗ ಸ ಅನ್ನಬಹುದು, ಗಾಂಧಾರ ಸಾಧಾರಣ. 1960ರ ದಶಕದ ಸುಧಾರಣೆಗಳಿಗೆ ಮೊದಲು ಮೃತರಿಗಾಗಿ ನಡೆಯುವ ಬಲಿಪೂಜೆಯಲ್ಲಿ ಇದನ್ನು ಲ್ಯಾಟಿನ್‌ನಲ್ಲೇ ಹಾಡುವ ಕ್ರಮವಿತ್ತು. ಮಂಗಳೂರಿನ ಇಗರ್ಜಿಗಳ ಕೊಯರ್‌ನಲ್ಲಿ ಆ ಕಾಲಕ್ಕೆ ಹಾಡಿದ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ಚಿತ್ರದ ಕೂಗನ್ನು ಒಮ್ಮೆ ಕೇಳಿಸಿ ನೋಡಿ. ಆ ನೆಂಟಸ್ತಿಕೆ ಕಾಕತಾಳೀಯವಾದರೂ ಕತೆಗೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಕೊನೆಗೆ ಆ ಕೂಗಿನ ಹಿಂದೆ ಕಾಣಿಸುವುದು ಸತ್ತುಹೋದ ತಾಯಿಯ ಮುಖ.

ಈ ಕೂಗು ಬಾಗಿಲು ತೆರೆದುಕೊಡುವುದು ಎರಡು ಹಾಡುಗಳಿಗೆ. ‘ಇನ್‌ಟು ದಿ ಅನ್‌ನೋನ್’ ಪ್ರಶ್ನೆ, ‘ಶೋ ಯುವರ್‌ಸೆಲ್ಫ್’ ಉತ್ತರ. ಮೊದಲನೆಯದನ್ನು ಒಂಟಿಯಾಗಿ ‘ಲೆಟ್ ಇಟ್ ಗೋ’ ಪಕ್ಕ ಇಟ್ಟು ತೂಗಿದರೆ ಅದು ಕಡಿಮೆ ಬೀಳುತ್ತದೆ, ಒಪ್ಪೋಣ. ಅದು ಅರ್ಧ ಹಾಡು, ಉಳಿದರ್ಧ ಮುಂದೆ ಇದೆ. ಎಲ್ಸಾ ಮೊದಲು ಕೂಗನ್ನು ಓಡಿಸಲು ನೋಡುತ್ತಾಳೆ, ಆಮೇಲೆ ವಾದಕ್ಕಿಳಿಯುತ್ತಾಳೆ, ಕಡೆಗೆ ಅವಳೇ ಅದರ ಹಿಂದೆ ಓಡುತ್ತಾಳೆ. ಪಲ್ಲವಿಯ ಸಾಲು ಮೂರು ಸಲ ಬರುತ್ತದೆ, ಪ್ರತಿ ಸಲವೂ ಕೊನೆಯ ಸ್ವರ ಹಿಂದಿನದಕ್ಕಿಂತ ಮೇಲೆ ಹತ್ತುತ್ತದೆ. ಹಾಡಿನ ತುದಿಯಲ್ಲಿ ಅವಳು ಎಬ್ಬಿಸಬಾರದ ಶಕ್ತಿಗಳನ್ನು ಎಬ್ಬಿಸಿಬಿಟ್ಟಿರುತ್ತಾಳೆ, ಊರಿಗೆ ಊರೇ ಗುಡ್ಡ ಹತ್ತಬೇಕಾಗುತ್ತದೆ. ಹಾಡಿಗೆ ಪರಿಣಾಮ ಇರುವುದು ಅಂದರೆ ಇದು.

‘ಶೋ ಯುವರ್‌ಸೆಲ್ಫ್’ ಇಡೀ ಚಿತ್ರದ ಮುಕುಟ. ಅಹ್ತೊಹಾಲನ್ ಎಂಬ ಹಿಮನದಿಯ ಹೊಟ್ಟೆಯೊಳಗೆ ಎಲ್ಸಾ ಒಬ್ಬಳೇ ನಡೆಯುತ್ತಾಳೆ. ಧ್ವನಿ ಮೊದಮೊದಲು ಅಂಜುತ್ತಾ, ಕೆಳಗೇ ಇರುತ್ತದೆ. ನಡುವೆ ಕೂಗಿನ ಸ್ವರಗಳು ಸೇರಿಕೊಳ್ಳುತ್ತವೆ. ಚಿತ್ರದ ಮೊದಲ ನಿಮಿಷಗಳಲ್ಲಿ ತಾಯಿ ತೊಟ್ಟಿಲ ಹಾಡಿನಂತೆ ಹಾಡಿದ ‘ಆಲ್ ಇಸ್ ಫೌಂಡ್’ ನೆನಪಿದೆಯೇ? ಮೂರರ ನಡೆಯ ಆ ಮೆಲುಹಾಡು ಇಲ್ಲಿ ವಾದ್ಯಮೇಳದ ಪೂರ್ತಿ ಬಲದೊಂದಿಗೆ ತಿರುಗಿ ಬರುತ್ತದೆ, ಮಂಜಿನಲ್ಲಿ ಮೂಡಿದ ತಾಯಿ ಹಾಡುತ್ತಾಳೆ, ಮಗಳ ಸಾಲಿಗೆ ತನ್ನ ಸಾಲು ಸೇರಿಸುತ್ತಾಳೆ. ‘ಲೆಟ್ ಇಟ್ ಗೋ’ದಲ್ಲಿ ಎಲ್ಸಾ ಬಾಗಿಲು ಹಾಕಿಕೊಂಡು ಹಾಡು ಮುಗಿಸಿದ್ದಳು. ಇಲ್ಲಿ ಬಾಗಿಲು ತೆರೆಯಲಿ ಅಂತ ಕೇಳುತ್ತಾ ಹಾಡುತ್ತಾಳೆ. ಆರು ವರ್ಷ ಕಾದು ಒಂದು ಪಾತ್ರವನ್ನು ಹೀಗೆ ಬೆಳೆಸಿದ್ದು ಸಣ್ಣ ಕೆಲಸವಲ್ಲ. ಮಕ್ಕಳ ಚಿತ್ರ ಅಂತ ಉದಾಸೀನ ಮಾಡುವವರು ಈ ಒಂದು ಹಾಡನ್ನು ಮಾತ್ರ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಲಿ.

ಓಲಾಫನ ‘ವೆನ್ ಐ ಆಮ್ ಓಲ್ಡರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡವನಾದ ಮೇಲೆ ಎಲ್ಲ ಅರ್ಥವಾಗುತ್ತದೆ ಅಂತ ಹಿಮದ ಗೊಂಬೆ ಹಾಡುವಾಗ ಹಿಂದಿನ ಸಾಲಿನ ಅಪ್ಪ-ಅಮ್ಮಂದಿರು ನಗುತ್ತಾರೆ. ಆದರೆ ಹಾಡು ಮುಗಿದಾಗ ಕತೆ ಇದ್ದಲ್ಲೇ ಇರುತ್ತದೆ.

ಅನಾಳ ಪ್ರಿಯಕರ ಕ್ರಿಸ್ಟೋಫನ ‘ಲಾಸ್ಟ್ ಇನ್ ದ ವುಡ್ಸ್’ ಕೂಡ ಕತೆಯನ್ನು ಮುಂದೆ ತಳ್ಳುವುದಿಲ್ಲ, ಆದರೂ ಅದಕ್ಕೆ ಕ್ಷಮೆ ಉಂಟು. ಮೊದಲ ಚಿತ್ರದಲ್ಲಿ ಜೊನಾಥನ್ ಗ್ರಾಫ್ ಎಂಬ ಪಳಗಿದ ರಂಗಗಾಯಕನನ್ನು ಕರೆತಂದು ಒಂದು ನಿಮಿಷವೂ ಇಲ್ಲದ ಹಾಡು ಕೊಟ್ಟಿದ್ದರು. ಆ ಬಾಕಿಯನ್ನು ಇಲ್ಲಿ ಬಡ್ಡಿ ಸಮೇತ ತೀರಿಸಿದ್ದಾರೆ: 1980ರ ದಶಕದ ವಿರಹದ ರಾಕ್ ಹಾಡಿನ ಧಾಟಿ, ಪೈನ್ ಮರದ ಕಾಯಿಯೇ ಮೈಕು, ಹಿಂದೆ ಸಾಲಾಗಿ ನಿಂತು ಕೋರಸ್ ಕೊಡುವ ಹಿಮಸಾರಂಗಗಳು. ಮುಖಗಳನ್ನು ಒಂದರ ಪಕ್ಕ ಒಂದು ಇಟ್ಟ ಚೌಕಟ್ಟು ಕ್ವೀನ್ ತಂಡದ ಹಳೆಯ ವಿಡಿಯೋಗೆ ನೇರ ನಮಸ್ಕಾರ. ಐದು ವರ್ಷದ ಮಗುವಿಗೆ ಇದೊಂದೂ ಗೊತ್ತಾಗುವುದಿಲ್ಲ. ಮನೆಯಲ್ಲಿ ನೋಡುವಾಗ ಮಕ್ಕಳು ನೀರು ಕುಡಿಯಲು ಏಳುವುದು ಹೆಚ್ಚಾಗಿ ಈ ಹಾಡಿಗೇ.

ಇನ್ನು ‘ದ ನೆಕ್ಸ್ಟ್ ರೈಟ್ ಥಿಂಗ್’. ಓಲಾಫ್ ಅನಾಳ ತೋಳಿನಲ್ಲೇ ಹಿಮದ ಹುಡಿಯಾಗಿ ಹಾರಿಹೋದ ಮೇಲೆ, ಕತ್ತಲ ಗುಹೆಯಲ್ಲಿ, ಅಕ್ಕನೂ ಇಲ್ಲ ಅಂತ ಗೊತ್ತಾದ ಮೇಲೆ ಬರುವ ಹಾಡು. ಅದು ಹಾಡಾಗಿ ಶುರುವಾಗುವುದೇ ಇಲ್ಲ. ಅನಾಳಿಗೆ ಧ್ವನಿ ಕೊಟ್ಟ ಕ್ರಿಸ್ಟನ್ ಬೆಲ್ ಉಸಿರಿನಲ್ಲಿ ಅರ್ಧ ಮಾತು, ಅರ್ಧ ಸ್ವರ ಹಾಕುತ್ತಾಳೆ, ಕೆಲವು ಪದಗಳ ಅಂಚು ಒಡೆದೇ ಇರುತ್ತದೆ. ಅನಾ ಏಳುತ್ತಾಳೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಲಯ ಹುಟ್ಟುವುದು ಆ ಹೆಜ್ಜೆಗಳಿಂದಲೇ. ವಾದ್ಯಗಳು ಅವಳು ನಡೆಯಲು ಶುರು ಮಾಡಿದ ಮೇಲೆಯೇ ಧೈರ್ಯವಾಗಿ ಜತೆಗೂಡುತ್ತವೆ. ಹೊರಗೆ ಬೆಳಕು ಕಾಣುವ ಹೊತ್ತಿಗೆ ದುಃಖ ಕರಗಿರುವುದಿಲ್ಲ, ಆದರೆ ಮುಂದಿನ ಕೆಲಸ ಯಾವುದು ಅಂತ ನಿರ್ಧಾರವಾಗಿರುತ್ತದೆ. ಸಾವಿನ ನಂತರದ ಗಂಟೆಗಳನ್ನು ಇಷ್ಟು ಪ್ರಾಮಾಣಿಕವಾಗಿ ಮಕ್ಕಳ ಚಿತ್ರವೊಂದರಲ್ಲಿ ಇಟ್ಟದ್ದು ಅಪರೂಪ. ಚಿಕ್ಕ ಮಕ್ಕಳು ಹೆದರುವುದೂ ಇಲ್ಲೇ. ಹಾಡಿಗಿಂತ ಹೆಚ್ಚಾಗಿ ಅದಕ್ಕೆ ಮೊದಲಿನ ನಿಶ್ಶಬ್ದಕ್ಕೆ ಹೆದರುತ್ತಾರೆ. ನಾಲ್ಕೈದು ವರ್ಷದವರ ಜತೆ ನೋಡುವುದಾದರೆ ಒಂದು ಗಂಟೆ ದಾಟಿದ ಮೇಲೆ ಹತ್ತಿರವೇ ಕೂತಿರಿ. ಓಲಾಫ್ ವಾಪಸು ಬರುತ್ತಾನೆ ಅಂತ ಮೊದಲೇ ಹೇಳಿದರೆ ಏನೂ ಕೆಡುವುದಿಲ್ಲ. ಮಕ್ಕಳು ಕತೆ ಗೊತ್ತಿದ್ದೇ ನೂರು ಸಲ ನೋಡುವವರು.

ಈಗ ಅಣೆಕಟ್ಟು. ಅನಾಳ ಅಜ್ಜ ರೂನಾರ್ಡ್ ರಾಜ, ಕಾಡಿನ ನಾರ್ತುಲ್ಡ್ರಾ ಜನರಿಗೆ ಸ್ನೇಹದ ಕಾಣಿಕೆ ಅಂತ ಅಣೆಕಟ್ಟು ಕಟ್ಟಿಸಿಕೊಡುತ್ತಾನೆ. ಅದು ಅವರ ನೆಲವನ್ನು ಬಡವಾಗಿಸುವ ಉಪಾಯ. ಅವರ ನಾಯಕ ಅನುಮಾನ ಎತ್ತಿದಾಗ ಅವನನ್ನು ಕೊಲ್ಲುತ್ತಾನೆ. ಕಾಡಿಗೆ ಮಂಜಿನ ಗೋಡೆ ಬೀಳುತ್ತದೆ, ಒಳಗಿದ್ದವರು 34 ವರ್ಷ ಒಳಗೇ. ಸರಿಪಡಿಸಲು ಅಣೆಕಟ್ಟು ಒಡೆಯಬೇಕು, ಒಡೆದರೆ ಕೆಳಗಿರುವ ಅರೆಂಡೆಲ್ ಊರು ಮುಳುಗುತ್ತದೆ. ಮಕ್ಕಳ ಚಿತ್ರಕ್ಕೆ ಇದು ಎಷ್ಟು ಗಟ್ಟಿ ವಿಷಯ ನೋಡಿ. ಎತ್ತಿನಹೊಳೆ ಯೋಜನೆಯ ವಾದವಿವಾದ ಕೇಳಿದ ಕರಾವಳಿಯವರಿಗೆ, ಮೇಲಿನವರು ನೀರಿಗೆ ಕೈ ಹಾಕಿದರೆ ಕೆಳಗಿನವರಿಗೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಮಕ್ಕಳಿಗಂತೂ ಕಿಂಡಿ ಅಣೆಕಟ್ಟು ತೋರಿಸಿಯೇ ಅರ್ಥ ಮಾಡಿಸಬಹುದು. ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ, ನೀರು ಮೇಲ್ಗಡೆ ತುಂಬುತ್ತದೆ, ಮುಂದಿನ ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ತೆಗೆಯದೇ ಬಿಟ್ಟರೆ ಕಸಕಡ್ಡಿ ಸಿಕ್ಕಿಕೊಂಡು ಮೇಲಿನ ಗದ್ದೆ, ತೋಟ ಮುಳುಗುತ್ತದೆ. ಚಿತ್ರದ ಅಣೆಕಟ್ಟಿಗೆ ತೆಗೆಯುವ ಹಲಗೆಯೇ ಇಲ್ಲ ಅಂದರೆ ಏಳು ವರ್ಷದವರಿಗೂ ವಿಷಯ ಮುಟ್ಟುತ್ತದೆ.

ಇಂಥ ವಿಷಯವನ್ನು ಚಿತ್ರ ಹೇಗೆ ಹೇಳುತ್ತದೆ? ಹಿಮನದಿಯಲ್ಲಿ ಮೂಡಿದ ಮಂಜಿನ ಗೊಂಬೆಗಳು ಕೆಲವೇ ಸಾಲು ಮಾತಾಡಿ ಅಜ್ಜನ ದ್ರೋಹವನ್ನು ಮುಗಿಸಿಬಿಡುತ್ತವೆ. ಪದ್ಯ ಇಲ್ಲ. ‘ಶೋ ಯುವರ್‌ಸೆಲ್ಫ್’ ಎಂಬ ಬೆಟ್ಟ ಹತ್ತಿಸಿದ ಕೂಡಲೇ ಚಿತ್ರದ ಅತಿ ಮುಖ್ಯ ಸಂಗತಿಯನ್ನು ಗಡಿಬಿಡಿಯಲ್ಲಿ ಉಸುರಿದರೆ ಮಕ್ಕಳ ತಲೆಗೆ ಅದು ಹೋಗುವುದಾದರೂ ಹೇಗೆ? ಎಲ್ಸಾ ಯಾಕೆ ಹೆಪ್ಪುಗಟ್ಟಿದಳು ಅಂತ ನೋಡಿದ ಮಕ್ಕಳನ್ನು ಕೇಳಿ. ಆಳಕ್ಕೆ ಹೋದದ್ದಕ್ಕೆ ಅನ್ನುತ್ತಾರೆ, ಅದು ಸರಿ. ಅಲ್ಲಿ ಏನು ನೋಡಿದಳು ಅಂತ ಕೇಳಿದರೆ ಉತ್ತರ ತಡವರಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮುಂದಿದೆ. ಅನಾ ಮಣ್ಣಿನ ದೈತ್ಯರನ್ನು ಎಬ್ಬಿಸಿ, ಕೆಣಕಿ, ಅವರಿಂದ ಅಣೆಕಟ್ಟು ಒಡೆಸುತ್ತಾಳೆ. ಅಲೆ ಊರಿನ ಕಡೆ ನುಗ್ಗುತ್ತದೆ. ಅಷ್ಟರಲ್ಲಿ ಎಲ್ಸಾ ನೀರಕುದುರೆ ಏರಿ ಬಂದು ಅಲೆಯನ್ನು ತಡೆಯುತ್ತಾಳೆ, ಅರಮನೆಯ ಒಂದು ಹೆಂಚೂ ಅಲುಗುವುದಿಲ್ಲ. ಅಜ್ಜನ ಸಾಲ ತೀರಿಸಿದಂತಾಯಿತು, ಮೊಮ್ಮಕ್ಕಳ ಕೈಯಿಂದ ಒಂದು ಪೈಸೆ ಹೋಗಲಿಲ್ಲ. ಮಕ್ಕಳ ಚಿತ್ರದಲ್ಲಿ ಊರು ಮುಳುಗಿಸಲಿಕ್ಕಾಗುತ್ತದೆಯೇ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಜನರನ್ನು ಮೊದಲೇ ಗುಡ್ಡ ಹತ್ತಿಸಿ ಸುರಕ್ಷಿತವಾಗಿ ಕೂರಿಸಿಯಾಗಿದೆಯಲ್ಲ, ಹೋಗುವುದು ಕಟ್ಟಡ ಮಾತ್ರ. ಹೊಸದಾಗಿ ಊರು ಕಟ್ಟುವ ದೃಶ್ಯ ಅನಾ ರಾಣಿಯಾಗುವುದಕ್ಕೆ ಇನ್ನೂ ಒಳ್ಳೆಯ ಕಾರಣ ಕೊಡುತ್ತಿತ್ತು.

ಈ ತೊಡಕಿನ ಬೇರು ಒಂದು ಕೈಬಿಟ್ಟ ಹಾಡಿನಲ್ಲಿದೆ. ಧ್ವನಿಮುದ್ರಿಕೆಯ ಡೀಲಕ್ಸ್ ಆವೃತ್ತಿಯಲ್ಲಿ ಚಿತ್ರಕ್ಕೆ ಬಾರದ ಹಾಡುಗಳನ್ನೂ ಸೇರಿಸಿದ್ದಾರೆ. ಅದರಲ್ಲಿ ‘ಹೋಮ್’ ಎಂಬುದು ಅನಾಳದ್ದು, ಅರೆಂಡೆಲ್ ಊರಿನ ಮೇಲಿನ ಅವಳ ಮಮತೆಯ ಹಾಡು. ಅದನ್ನು ತೆಗೆದು ಎಲ್ಲರಿಗೂ ಒಂದೊಂದು ಸಾಲು ಹಂಚಿದ ‘ಸಮ್ ಥಿಂಗ್ಸ್ ನೆವರ್ ಚೇಂಜ್’ ಇಟ್ಟಿದ್ದಾರೆ. ಊರಿನ ಬಾವುಟ ಯಾವಾಗಲೂ ಹಾರುತ್ತಿರುತ್ತದೆ ಎಂಬ ಮಾತು ಅದರಲ್ಲಿ ಬಂದುಹೋಗುತ್ತದೆ, ಅಷ್ಟೆ. ಬೀದಿ ಬೀದಿ ಸುತ್ತಿ ಅನಾ ತನ್ನ ಊರನ್ನು ಹಾಡಿದ್ದರೆ, ಅದನ್ನೇ ಮುಳುಗಿಸಲು ಹೊರಟ ಹೊತ್ತಿನಲ್ಲಿ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಈಗ ಮುಳುಗಿದರೂ ಉಳಿದರೂ ಅದು ಹಿನ್ನೆಲೆಯ ಒಂದು ಚಿತ್ರ.

‘ಸಮ್ ಥಿಂಗ್ಸ್ ನೆವರ್ ಚೇಂಜ್’ಗೆ ನಮ್ಮ ಕಡೆ ಇನ್ನೊಂದು ಕಷ್ಟ. ಇಡೀ ಹಾಡು ಎಲೆ ಹಣ್ಣಾಗುವ ಕಾಲದ ಬಣ್ಣದ ಮೇಲೆ ನಿಂತಿದೆ: ಕಿತ್ತಳೆ, ಕೆಂಪು, ಕುಂಬಳಕಾಯಿ ಕೊಯ್ಲು. ಉತ್ತರದ ದೇಶಗಳ ಮಗುವಿಗೆ ಆ ಬಣ್ಣ ಕಂಡರೆ ಚಳಿ ಬಂತು, ಏನೋ ಮುಗಿಯುತ್ತಿದೆ ಅಂತ ತಾನಾಗಿ ತಿಳಿಯುತ್ತದೆ. ಕರಾವಳಿಯಲ್ಲಿ ನವರಾತ್ರಿಯ ಹೊತ್ತಿಗೂ ಎಲ್ಲ ಹಸಿರೋ ಹಸಿರು. ಎಲೆ ಕೆಂಪಾಗಿ ಉದುರುವುದನ್ನು ತೋರಿಸಬೇಕಾದರೆ ಡಿಸೆಂಬರ್ ಕಳೆದ ಮೇಲೆ ಬೆಳ್ತಂಗಡಿ, ಸುಳ್ಯದ ರಬ್ಬರ್ ತೋಟಗಳಿಗೇ ಹೋಗಬೇಕು.

ಭಾಷೆಯ ವಿಷಯಕ್ಕೆ ಬಂದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಭಾರತದಲ್ಲಿ ಚಿತ್ರ ಇಂಗ್ಲಿಷ್ ಜತೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಹಿಂದಿಯಲ್ಲಿ ಎಲ್ಸಾ ಮತ್ತು ಅನಾರಿಗೆ ಪ್ರಿಯಾಂಕಾ ಚೋಪ್ರಾ, ಪರಿಣೀತಿ ಚೋಪ್ರಾ. ತಮಿಳಿನ ಎಲ್ಸಾ ಶ್ರುತಿ ಹಾಸನ್. ತೆಲುಗಿನ ಎಲ್ಸಾ ನಿತ್ಯಾ ಮೆನನ್, ಬೆಂಗಳೂರಿನಲ್ಲಿ ಹುಟ್ಟಿ ಕನ್ನಡ ಚಿತ್ರಗಳಲ್ಲೂ ನಟಿಸಿದವರು. ಧ್ವನಿ ಕೈಯಳತೆಯಲ್ಲೇ ಇತ್ತು ಅಂತಾಯಿತು. ಇನ್ನೊಂದು ಸಂಗತಿ ಕೇಳಿ: ಕಾಡಿನ ಜನರ ಚಿತ್ರಣಕ್ಕೆ ಉತ್ತರ ಯುರೋಪಿನ ಸಾಮಿ ಬುಡಕಟ್ಟಿನವರ ಸಂಸ್ಕೃತಿಯಿಂದ ಎರವಲು ಪಡೆದದ್ದಕ್ಕಾಗಿ ಡಿಸ್ನಿ ಅವರ ಸಂಘಟನೆಗಳ ಜತೆ ಒಪ್ಪಂದ ಮಾಡಿಕೊಂಡು ಉತ್ತರ ಸಾಮಿ ಭಾಷೆಗೂ ಡಬ್ ಮಾಡಿತು. ಆ ಭಾಷೆ ಆಡುವವರು ಮೂವತ್ತು ಸಾವಿರ ದಾಟುವುದಿಲ್ಲ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲಿ 4.37 ಕೋಟಿ. ಅಲ್ಲಿ ಮಾಡಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಆಗದಿರುವುದಕ್ಕೆ ಹೊರಗಿನವರನ್ನು ಮಾತ್ರ ದೂರಿ ಪ್ರಯೋಜನವೂ ಇಲ್ಲ. ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಡುವವರೆಗೂ ಇಲ್ಲಿ ಬಾಗಿಲು ಹಾಕಿಕೊಂಡೇ ಕೂತಿದ್ದೆವು. 2020ರ ಫೆಬ್ರವರಿಯಲ್ಲಿ ಆಸ್ಕರ್ ವೇದಿಕೆಯಲ್ಲಿ ಇಂಗ್ಲಿಷಿನ ಎಲ್ಸಾ ಇಡೀನಾ ಮೆಂಜೆಲ್ ಮತ್ತು ಅರೋರಾ ಜತೆ ಒಂಬತ್ತು ದೇಶಗಳ ಎಲ್ಸಾರು ತಮ್ಮ ತಮ್ಮ ಭಾಷೆಯಲ್ಲಿ ಹಾಡಿದರು. ಥಾಯ್ ಇತ್ತು, ಜಪಾನಿ ಇತ್ತು, ಭಾರತದ ಒಂದು ಭಾಷೆಯೂ ಇರಲಿಲ್ಲ.

ಮಾತಿನ ಡಬ್ಬಿಂಗಿಗಿಂತ ಹಾಡಿನದು ಹತ್ತು ಪಟ್ಟು ಕಷ್ಟ ಎಂಬುದೂ ನಿಜ. ಕನ್ನಡ ವಾಕ್ಯದ ಕೊನೆಯಲ್ಲಿ ಬರುವ ಕ್ರಿಯಾಪದ ಹೆಚ್ಚಾಗಿ ಹ್ರಸ್ವ ಉಕಾರ, ಎಕಾರದಲ್ಲಿ ನಿಲ್ಲುತ್ತದೆ. ಎಲ್ಸಾ ಬಾಯಿ ಅಗಲಿಸಿ ಎಂಟು ಮಾತ್ರೆ ಎಳೆಯುವ ಕಡೆ ಅಂಥ ಸ್ವರ ಇಟ್ಟರೆ ಗಾಯಕಿಗೆ ಗಂಟಲು ಬಿಗಿಯುತ್ತದೆ, ತೆರೆಯ ಮೇಲಿನ ತುಟಿಗೂ ತಾಳೆಯಾಗುವುದಿಲ್ಲ. ಸಾಲಿನ ತುದಿಗೆ ಆ, ಓ ಬರುವಂತೆ ವಾಕ್ಯ ತಿರುಗಿಸಿ ಬರೆಯಬೇಕು. ಪ್ರಸಂಗಕರ್ತರು ಪದ್ಯದಲ್ಲಿ ದಿನವೂ ಮಾಡುವ ಕೆಲಸ ಇದು, ಆಗದ್ದೇನಲ್ಲ.

ಮನೆಯಲ್ಲಿ ನೋಡುವವರಿಗೆ ಒಂದು ಮಾತು. ಆ ಕೂಗು ಮೊದಲ ಸಲ ತೀರಾ ಮೆಲ್ಲಗೆ, ದೂರದಿಂದ ಬರುತ್ತದೆ. ಜುಲೈ ತಿಂಗಳ ಮಳೆ ತಗಡಿನ ಶೀಟಿನ ಮೇಲೆ ಬೀಳುವ ಮನೆಯಲ್ಲಿ, ಟಿವಿಯ ಸಣ್ಣ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ, ಎಲ್ಸಾ ಸುಮ್ಮನೆ ಯಾಕೆ ಕತ್ತು ತಿರುಗಿಸಿದಳು ಅಂತ ಅನ್ನಿಸುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಆಟೋ ವಾಲ್ಯೂಮ್ ಅಥವಾ ನೈಟ್ ಮೋಡ್ ಇದ್ದರೆ ಆಫ್ ಮಾಡಿ. ಅದು ಮೆಲುದನಿಯನ್ನೂ ಜೋರುದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ‘ಶೋ ಯುವರ್‌ಸೆಲ್ಫ್’ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಆಗ ಗೊತ್ತೇ ಆಗುವುದಿಲ್ಲ.

ಸ್ಕೂಲ್ ಡೇಗೆ ಈ ಹಾಡುಗಳನ್ನು ಎತ್ತಿಕೊಳ್ಳುವ ಟೀಚರುಗಳಿಗಾಗಿ ಸ್ವಲ್ಪ ವಿವರವಾಗಿ. ‘ಲೆಟ್ ಇಟ್ ಗೋ’ ಮಕ್ಕಳಿಗೆ ಸುಲಭ ಎಂಬ ಭ್ರಮೆ ಬಿಡಿ. ಅದರ ವ್ಯಾಪ್ತಿ ಮಧ್ಯದ ಸಿ ಗಿಂತ ಕೆಳಗಿನ ಎಫ್‌ನಿಂದ ಮೇಲಿನ ಇ ಫ್ಲ್ಯಾಟ್‌ವರೆಗೆ, ಅಂದರೆ 22 ಸೆಮಿಟೋನು (ಅರ್ಧಸ್ವರ). ಎಂಟು-ಹತ್ತು ವರ್ಷದ ಮಗುವಿಗೆ ಆರಾಮವಾಗಿ ಬರುವುದು ಮಧ್ಯದ ಸಿ ಯಿಂದ ಮೇಲಿನ ಸಿ ಅಥವಾ ಡಿ ತನಕ, 12ರಿಂದ 14. ಶ್ರುತಿ ಇಳಿಸಿದರೆ ಚರಣ ಕೇಳುವುದಿಲ್ಲ, ಏರಿಸಿದರೆ ಪಲ್ಲವಿ ಕಿರುಚಾಟ. ಹಾಗಾಗಿಯೇ ಎಲ್ಲರೂ ಮೂಲ ಟ್ರ್ಯಾಕ್ ಹಾಕಿ ಬಾಯಿ ಆಡಿಸುತ್ತಾರೆ.

ಮಕ್ಕಳೇ ಹಾಡಬೇಕು ಅಂತಿದ್ದರೆ ‘ಆಲ್ ಇಸ್ ಫೌಂಡ್’ ಆರಿಸಿ. ನಡೆ ನಿಧಾನ, ಸ್ವರಗಳು ಹತ್ತಿರ ಹತ್ತಿರ, ಒಂದು ತಂಬೂರಿ ಆ್ಯಪ್ ಮತ್ತು ಕೀಬೋರ್ಡ್ ಸಾಕು. ‘ಇನ್‌ಟು ದಿ ಅನ್‌ನೋನ್’ ಬೇಕೇ ಬೇಕು ಅಂದರೆ ಒಬ್ಬಳ ಮೇಲೆ ಹೊರೆ ಹಾಕಬೇಡಿ. ಪಲ್ಲವಿಯ ಮೂರು ಏರಿಕೆಗಳನ್ನು ಮೂರು ಗುಂಪಿಗೆ ಹಂಚಿ, ಮೇಲಿನ ಸ್ವರ ಹಿಡಿಯಬಲ್ಲ ನಾಲ್ಕೈದು ಮಕ್ಕಳನ್ನು ಮಾತ್ರ ಮೂರನೆಯದಕ್ಕೆ ಇಡಿ. ಉದ್ದ ಸ್ವರದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆಯಬಾರದು, ಅಕ್ಕಪಕ್ಕದವರು ಬೇರೆ ಬೇರೆ ಹೊತ್ತಿಗೆ ತೆಗೆದರೆ ಸ್ವರ ತುಂಡಾಗುವುದಿಲ್ಲ. ಕೂಗನ್ನು ವೇದಿಕೆಯ ಮೇಲಿನವರಿಗೆ ಕೊಡದೆ, ಪರದೆಯ ಹಿಂದೆ ಇನ್ನೊಂದು ಮಗುವನ್ನು ನಿಲ್ಲಿಸಿ. ಮೈಕ್‌ನವರಿಗೆ ಹೇಳಿ ಆ ಒಂದು ಮೈಕಿಗೆ ಮಾತ್ರ ಎಕೋ ಹಾಕಿಸಬೇಕು. ಹೇಳದಿದ್ದರೆ ಅವರು ಎಲ್ಲ ಮೈಕಿಗೂ ಎಕೋ ತುಂಬುತ್ತಾರೆ, ಸಾಹಿತ್ಯದ ಒಂದು ಅಕ್ಷರವೂ ಹಿಂದಿನ ಸಾಲಿಗೆ ತಿಳಿಯುವುದಿಲ್ಲ. ‘ದ ನೆಕ್ಸ್ಟ್ ರೈಟ್ ಥಿಂಗ್’ ಮಾಡುವುದಾದರೆ ಎಕೋ ಪೂರ್ತಿ ತೆಗೆಸಿ. ಆದರೆ ಅದು ಹೈಸ್ಕೂಲಿನ, ಅಭಿನಯ ಗೊತ್ತಿರುವ ಹುಡುಗಿಗೆ ಮಾತ್ರ.

ಕರೋಕೆ ಟ್ರ್ಯಾಕಿನ ಶ್ರುತಿಯನ್ನು ಫೋನಿನ ಆ್ಯಪ್‌ನಲ್ಲಿ ಇಳಿಸುವಾಗ ಮೂರು ಸೆಮಿಟೋನಿಗೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಹೋದರೆ ಬೇಸ್ ಮತ್ತು ಡ್ರಮ್ ಕಲಸಿಕೊಂಡು ಮಕ್ಕಳಿಗೆ ತಾಳ ಸಿಗುವುದಿಲ್ಲ. ಡೀಲಕ್ಸ್ ಆಲ್ಬಮ್ಮಿನಲ್ಲಿ ಹಾಡಿಲ್ಲದ, ವಾದ್ಯ ಮಾತ್ರದ ಟ್ರ್ಯಾಕುಗಳೇ ಇವೆ, ಯಾರೋ ಕೀಬೋರ್ಡಿನಲ್ಲಿ ಬಾರಿಸಿ ಹಾಕಿದ್ದಕ್ಕಿಂತ ಅದು ಎಷ್ಟೋ ವಾಸಿ. ಪೆನ್‌ಡ್ರೈವ್‌ಗೆ ಹಾಕಿ ಎರಡು ಪ್ರತಿ ಕೊಡಿ. ಫೋನಿನಿಂದಲೇ ಹಾಕುವುದಾದರೆ ಏರೋಪ್ಲೇನ್ ಮೋಡ್ ಮತ್ತು ವೈರು. ಬ್ಲೂಟೂತ್ ನಂಬಬೇಡಿ.

ವೇಷಕ್ಕೆ ಬಾಡಿಗೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಮೊದಲ ಚಿತ್ರದ ನೀಲಿ ಗೌನು. ‘ಶೋ ಯುವರ್‌ಸೆಲ್ಫ್’ಗೆ ಬೇಕಾದ್ದು ಬಿಳಿ. ಬಿಳಿ ಫ್ರಾಕಿನ ಮೇಲೆ ತಿಳಿನೀಲಿ ಕೋಟು ತೊಡಿಸಿ, ಕೋಟಿನ ಬೆನ್ನಿಗೆ ಹುಕ್ ಬದಲು ವೆಲ್ಕ್ರೋ ಹೊಲಿಸಿದರೆ ವೇದಿಕೆಯ ಮೇಲೆಯೇ ಒಂದೇ ಎಳೆತಕ್ಕೆ ಕಳಚಬಹುದು. ಹಿಂದಿನ ಇಳಿಬಟ್ಟೆಗೆ ಎರಡು ಮೀಟರ್ ಆರ್ಗಂಜಾ ಸಾಕು. ಅದು ಹಿಮ್ಮಡಿ ದಾಟಿದರೆ ಜತೆಯ ಮಕ್ಕಳು ತುಳಿಯುತ್ತಾರೆ, ಕಣಕಾಲಿನ ಮೇಲೆಯೇ ಕತ್ತರಿಸಿ. ಕಡಲಿಗೆ ಐದು ಮೀಟರ್ ನೀಲಿ ಸ್ಯಾಟಿನ್, ಎರಡು ಬದಿಯಲ್ಲಿ ಇಬ್ಬಿಬ್ಬರು ಹಿಡಿದು ಅಲೆ ಎಬ್ಬಿಸಲಿ. ಬಯಲು ವೇದಿಕೆಯಾದರೆ ಗಾಳಿಗೆ ಬಟ್ಟೆ ಮೇಲೆದ್ದು ಎಲ್ಸಾಳ ಮುಖಕ್ಕೇ ಸುತ್ತಿಕೊಳ್ಳುತ್ತದೆ, ಅಂಚಿನ ಮಡಿಕೆಯೊಳಗೆ ಅಡಿಗೊಂದು ಕಬ್ಬಿಣದ ವಾಷರ್ ಇಟ್ಟು ಹೊಲಿಯಿರಿ. ಹಿಮಕ್ಕೆ ಥರ್ಮಾಕೋಲ್ ಹುಡಿ ಬೇಡ. ಬೆವರಿದ ಮೈಗೆ, ಹಾಡುವವರ ಬಾಯಿಗೆ ಅಂಟುತ್ತದೆ, ಮರುದಿನ ಇಡೀ ಮೈದಾನ ಗುಡಿಸಿದರೂ ಹೋಗುವುದಿಲ್ಲ. ಸ್ಮೋಕ್ ಮಷಿನ್ ತರಿಸುವುದಾದರೆ ಗಾಳಿಯ ದಿಕ್ಕು ನೋಡಿ. ಸಂಜೆ ಹೊತ್ತು ಇಲ್ಲಿ ಗಾಳಿ ಪಡುವಣ ಕಡಲಿನ ಕಡೆಯಿಂದ ಬೀಸುತ್ತದೆ, ಮಷಿನ್ ವೇದಿಕೆಯ ಪಶ್ಚಿಮದ ಬದಿಯಲ್ಲಿರಲಿ. ವೇದಿಕೆ ಪೂರ್ವಕ್ಕೆ ಮುಖ ಮಾಡಿದ್ದರೆ ಹೊಗೆಯೆಲ್ಲ ಮುಂದಿನ ಸಾಲಿನ ಅತಿಥಿಗಳ ಮೇಲೆ ಹೋಗುತ್ತದೆ, ಆಗ ಮಷಿನ್ ತರಿಸದಿರುವುದೇ ಒಳ್ಳೆಯದು. ಉಬ್ಬಸ ಇರುವ ಮಗು ತಂಡದಲ್ಲಿದೆಯೇ ಅಂತ ರಿಹರ್ಸಲ್‌ನ ಮೊದಲ ದಿನವೇ ಮನೆಯವರಲ್ಲಿ ಕೇಳಿಕೊಳ್ಳಿ.

ಮೂರನೇ ಭಾಗವನ್ನು 2027ರ ನವೆಂಬರಿಗೆ ಅಂತ ಘೋಷಿಸಿದ್ದಾರೆ. ಅನಾ ಈಗ ರಾಣಿ. ಅವಳ ಊರಿಗೆ ಈ ಸಲವಾದರೂ ಒಂದು ಪೂರ್ತಿ ಹಾಡು ಬರೆಯುತ್ತಾರೋ ನೋಡಬೇಕು.